ಟಾಲುಯೀನ್ ಬಿಡಬೇಕು ಅಂತಿದ್ದೇವೆ: ಒಂದು ಟನ್ ಬ್ಯಾಚ್‌ಗೆ ಮೈಕ್ರೋವೇವ್ ಆಗುತ್ತಾ?

ಕಪಿಲಾತೀರ:

ಎಲ್ಲರಿಗೂ ನಮಸ್ಕಾರ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಘಟಕದಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಬಂದು ಹನ್ನೊಂದು ವರ್ಷ ಆಯಿತು. ಕ್ರೀಮ್, ಲೋಷನ್, ಲಿಪ್‌ಸ್ಟಿಕ್ ಮಾಡುವ ಕಂಪನಿಗಳಿಗೆ ಬೇಕಾದ ಎಸ್ಟರ್‌ಗಳು (ಆಸಿಡ್, ಆಲ್ಕೊಹಾಲ್ ಸೇರಿ ಆಗುವ ವಸ್ತು) ನಮ್ಮ ಮಾಲು. ಜಾಸ್ತಿ ಹೋಗುವುದು 2-ಇಥೈಲ್‌ಹೆಕ್ಸೈಲ್ ಪಾಮಿಟೇಟ್. ಪ್ರಶ್ನೆ ಕೇಳುವ ಮೊದಲು ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉತ್ತರ ಕೊಡುವವರಿಗೆ ಕಷ್ಟ.

ನಮ್ಮದು 2 ಕಿಲೋಲೀಟರ್ ಸ್ಟೀಲ್ ರಿಯಾಕ್ಟರ್. ಪಾಮಿಟಿಕ್ ಆಸಿಡ್ ಕರಗಿಸಿ ಹಾಕುತ್ತೇವೆ. 2-ಇಥೈಲ್‌ಹೆಕ್ಸನಾಲ್ ಎಂಬ ಆಲ್ಕೊಹಾಲ್ ಬೇಕಾದ್ದಕ್ಕಿಂತ 10% ಹೆಚ್ಚು. ಎರಡೂ ಸೇರಿ ಒಂದು ಟನ್. ಕೆಲಸ ಬೇಗ ಆಗಿಸುವ ಕ್ಯಾಟಲಿಸ್ಟ್ ಪಿಟಿಎಸ್‌ಎ ಎಂಬ ಇನ್ನೊಂದು ಆಸಿಡ್. ಇದರ ಮೇಲೆ ಟಾಲುಯೀನ್ ಎಂಬ ಸಾಲ್ವೆಂಟ್, ಅಂದರೆ ದ್ರಾವಕ. 115ರಿಂದ 120 ಡಿಗ್ರಿಯಲ್ಲಿ ಕುದಿಯುತ್ತದೆ. ಹುಟ್ಟುವ ನೀರನ್ನು ಟಾಲುಯೀನ್ ಜೊತೆಗೆ ಎಳೆದುಕೊಂಡು ಮೇಲೆ ಹೋಗುತ್ತದೆ, ಕಂಡೆನ್ಸರ್‌ನಲ್ಲಿ ತಣ್ಣಗಾಗಿ ಡಿಕ್ಯಾಂಟರ್‌ಗೆ ಬೀಳುತ್ತದೆ. ಕೆಳಗೆ ನಿಂತ ನೀರು ಬಿಡುತ್ತೇವೆ, ಮೇಲಿನ ಟಾಲುಯೀನ್ ವಾಪಸ್ ಹೋಗುತ್ತದೆ. ಹೀಗೆ 7 ಗಂಟೆ. ಆಮೇಲೆ ವ್ಯಾಕ್ಯೂಮ್ ಹಾಕಿ ಟಾಲುಯೀನ್ ಪೂರ್ತಿ ತೆಗೆಯಲು ಇನ್ನೂ 3 ಗಂಟೆ. ಕೊನೆಗೆ ಒಂದಿಷ್ಟು ವಾಸನೆ ಉಳಿದೇ ಉಳಿಯುತ್ತದೆ. ಈಗ ಗ್ರಾಹಕರು "ಟಾಲುಯೀನ್ ಬಳಸಿಲ್ಲ" ಅಂತ ಬರೆದುಕೊಡಿ ಎಂದು ಕೇಳುತ್ತಿದ್ದಾರೆ.

ನನಗೆ ಇದನ್ನು ಬಿಡಬೇಕು ಅನ್ನಿಸಿದ್ದು ಗ್ರಾಹಕರಿಂದ ಅಲ್ಲ. ಕಳೆದ ಏಪ್ರಿಲ್‌ನಲ್ಲಿ ರಾತ್ರಿ ಪಾಳಿಯಲ್ಲಿ ಡಿಕ್ಯಾಂಟರ್ ಕೆಳಗಿನ ಗ್ಯಾಸ್ಕೆಟ್ ಬಿಟ್ಟುಕೊಂಡಿತು. ಹುಡುಗ ಸೈಟ್ ಗ್ಲಾಸ್‌ಗೆ ಟಾರ್ಚ್ ಹಿಡಿದು ನೀರಿನ ಗೆರೆ ನೋಡುತ್ತಾ ನಿಂತಿದ್ದ. ಕಾಲ ಬಳಿ ಏನೋ ತಣ್ಣಗೆ ತಾಗಿತು ಅಂತ ಬಗ್ಗಿ ನೋಡಿದರೆ ಟಾಲುಯೀನ್. ಅದರ ಫ್ಲಾಶ್ ಪಾಯಿಂಟ್ (ಕಿಡಿ ಸಿಕ್ಕರೆ ಆವಿ ಹೊತ್ತಿಕೊಳ್ಳುವ ಉಷ್ಣತೆ) 4 ಡಿಗ್ರಿ. ನಮ್ಮೂರಿನಲ್ಲಿ ಅದು ವರ್ಷಪೂರ್ತಿ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಟಾರ್ಚ್ ಫ್ಲೇಮ್‌ಪ್ರೂಫ್ ಆಗಿತ್ತು, ಕರೆಂಟ್ ಸಾಮಾನೆಲ್ಲ ಸರಿ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹುಡುಗನ ಪ್ಯಾಂಟ್ ಮೊಣಕಾಲವರೆಗೆ ಒದ್ದೆಯಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮಾಲೀಕರು ಜಪಾನಿನ ಮೈಕ್ರೋವೇವ್ ಪ್ಲಾಂಟ್ ಒಂದರ ವಿಡಿಯೋ ನೋಡಿ ಬಂದಿದ್ದಾರೆ. ಸಾಲ್ವೆಂಟ್ ಇಲ್ಲದೆ, ಸಣ್ಣ ಜಾಗದಲ್ಲಿ, ಬೇಗ ಆಗುತ್ತದಂತೆ. ಪರಿಚಯದವರ ಲ್ಯಾಬ್‌ನಲ್ಲಿ ಪ್ರಯೋಗಕ್ಕೆ ಅಂತಲೇ ಮಾಡಿದ ಮೈಕ್ರೋವೇವ್ ಇತ್ತು. ಅಲ್ಲಿ ಟ್ರಯಲ್ ತೆಗೆದೆ. 40 ಗ್ರಾಂ, ಟಾಲುಯೀನ್ ಇಲ್ಲ, ಬಾಯಿ ತೆರೆದ ಫ್ಲಾಸ್ಕ್, 300 ವ್ಯಾಟ್, 180 ಡಿಗ್ರಿ. 20 ನಿಮಿಷದಲ್ಲಿ ಆಸಿಡ್ ವ್ಯಾಲ್ಯೂ (ಎಸ್ಟರ್ ಆಗದೆ ಉಳಿದ ಆಸಿಡ್‌ನ ಅಳತೆ) 140ರಿಂದ 4.4ಕ್ಕೆ ಇಳಿಯಿತು. ಅಂದರೆ 97% ಮುಗಿಯಿತು. 7 ಗಂಟೆಯ ಕೆಲಸ 20 ನಿಮಿಷಕ್ಕೆ! ಮಾಲೀಕರಿಗೆ ಬಹಳ ಖುಷಿ. ಮಷಿನ್‌ಗೆ ಕೊಟೇಶನ್ ತರಿಸು ಅಂದಿದ್ದಾರೆ.

ಆದರೆ ಅದೇ ಲ್ಯಾಬ್‌ನ ದೊಡ್ಡ ಮೈಕ್ರೋವೇವ್‌ನಲ್ಲಿ 3 ಕೆ.ಜಿ. ಇಟ್ಟಾಗ ಆಟ ನಡೆಯಲಿಲ್ಲ. ಮೊದಲು ಚೆನ್ನಾಗಿ ಬಿಸಿ ಏರಿತು, ಅರ್ಧ ದಾರಿ ಆದ ಮೇಲೆ ಏರಲು ತಡವರಿಸಿತು. ಎರಡು ಗಂಟೆ ಆದರೂ ಆಸಿಡ್ ವ್ಯಾಲ್ಯೂ 30ರ ಕೆಳಗೆ ಬರಲಿಲ್ಲ. ಬಣ್ಣ ಬೇರೆ ಚಹಾದ ಹಾಗೆ ಆಯಿತು.

ಕೇಳಬೇಕಾಗಿರುವುದು ಇಷ್ಟು. 40 ಗ್ರಾಂನಲ್ಲಿ ಕಂಡದ್ದು ಒಂದು ಟನ್‌ನಲ್ಲಿ ಸಿಗುತ್ತಾ? ಯಾರಾದರೂ ಪ್ಲಾಂಟ್ ಮಟ್ಟದಲ್ಲಿ ಮೈಕ್ರೋವೇವ್ ಓಡಿಸಿದ್ದೀರಾ? ದಯವಿಟ್ಟು ನಿಮ್ಮ ಅನುಭವ ಹೇಳಿ. ಕೊಟೇಶನ್ ಬರುವುದರೊಳಗೆ ನನಗೆ ಒಂದು ಸ್ಪಷ್ಟತೆ ಬೇಕು.

ಜಾಕೆಟ್_ರಿಯಾಕ್ಟರ್:

ಕಪಿಲಾತೀರ ಅವರೇ, ಚೆನ್ನಾಗಿ ವಿವರ ಕೊಟ್ಟಿದ್ದೀರಿ. ನಾನು ಎಸ್ಟರ್ ಮತ್ತು ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ ಮೆದು ಮಾಡುವ ವಸ್ತು) ಪ್ಲಾಂಟ್‌ಗಳಲ್ಲಿ 26 ವರ್ಷ ಇದ್ದವನು. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನೀವು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಟಾಲುಯೀನ್ ಬಿಡುವುದು ಒಂದು. ಮೈಕ್ರೋವೇವ್ ಹಾಕುವುದು ಇನ್ನೊಂದು. ನಿಮ್ಮ ಮಾಲಿಗೆ ಮೊದಲನೆಯದು ಬೇಕು. ಎರಡನೆಯದು ಬೇಕಿಲ್ಲ.

ನಿಮ್ಮ 40 ಗ್ರಾಂ ಲೆಕ್ಕದಿಂದಲೇ ಶುರು ಮಾಡೋಣ. 40 ಗ್ರಾಂಗೆ 300 ವ್ಯಾಟ್ ಅಂದರೆ ಕೆ.ಜಿ.ಗೆ 7.5 ಕಿಲೋವ್ಯಾಟ್. ಒಂದು ಟನ್‌ಗೆ ಅದೇ ಹದದಲ್ಲಿ ಕೊಡಬೇಕೆಂದರೆ 7,500 ಕಿಲೋವ್ಯಾಟ್. ಉದ್ಯಮದಲ್ಲಿ ಬಳಸುವ ದೊಡ್ಡ ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಹುಟ್ಟಿಸುವ ಸಾಧನ) 915 ಮೆಗಾಹರ್ಟ್ಸ್‌ನದು, ಒಂದಕ್ಕೆ 75ರಿಂದ 100 ಕಿಲೋವ್ಯಾಟ್. ಅಂಥವು ಕಡಿಮೆ ಅಂದರೂ 75 ಬೇಕು. ನಿಮ್ಮ ಘಟಕದ ಮಂಜೂರಾದ ವಿದ್ಯುತ್ ಎಷ್ಟಿದೆ ಅಂತ ಒಮ್ಮೆ ಬಿಲ್ ತೆಗೆದು ನೋಡಿ. 40 ಗ್ರಾಂನ ವೇಗ ಟನ್‌ಗೆ ಬರುವುದಿಲ್ಲ. ಇದು ಮಷಿನ್ ಕಂಪನಿಯ ತಪ್ಪಲ್ಲ, ಲೆಕ್ಕವೇ ಹಾಗಿದೆ.

ಸರಿ, ವೇಗ ಬಂದದ್ದು ಎಲ್ಲಿಂದ? ಪ್ಲಾಂಟ್‌ನಲ್ಲಿ ನೀವು ಓಡಿಸುವುದು 118 ಡಿಗ್ರಿಯಲ್ಲಿ. ಲ್ಯಾಬ್‌ನಲ್ಲಿ ಓಡಿಸಿದ್ದು 180ರಲ್ಲಿ. 10 ಡಿಗ್ರಿ ಏರಿದರೆ ವೇಗ ಸುಮಾರು ದುಪ್ಪಟ್ಟು ಅನ್ನುವ ಹಳೇ ಲೆಕ್ಕ ಹಿಡಿಯಿರಿ. 62 ಡಿಗ್ರಿ ಅಂದರೆ ಆರು ಸಲ ದುಪ್ಪಟ್ಟು, 64 ಪಟ್ಟು. ಟಾಲುಯೀನ್ ಇದ್ದಾಗ ಅದು ಕುದಿಯುತ್ತಲೇ ಇರುವುದರಿಂದ ಬಿಸಿ ಮೇಲೇರಲು ಬಿಡುವುದಿಲ್ಲ. ಅದನ್ನು ತೆಗೆದಿರಿ, ಬಿಸಿ ಏರಿತು, ಕೆಲಸ ಓಡಿತು. ಅದರ ಶ್ರೇಯಸ್ಸು ಮೈಕ್ರೋವೇವ್‌ಗೆ ಹೋಯಿತು.

ಇನ್ನೊಂದು ಮಾತು, ಇದು ನಿಮ್ಮ ಕೆಲಸದ ಹೃದಯ. ಆಸಿಡ್, ಆಲ್ಕೊಹಾಲ್ ಸೇರಿ ಎಸ್ಟರ್ ಆಗುವಾಗ ನೀರು ಹುಟ್ಟುತ್ತದೆ. ಆ ನೀರು ಹೊರಗೆ ಹೋಗದಿದ್ದರೆ ಪ್ರಕ್ರಿಯೆ ಅಲ್ಲೇ ನಿಂತುಬಿಡುತ್ತದೆ. 40 ಗ್ರಾಂನಲ್ಲಿ ನೀರು 1.8 ಗ್ರಾಂ. ತೆರೆದ ಫ್ಲಾಸ್ಕ್‌ನಿಂದ ಅದು ಓಡಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಒಂದು ಟನ್‌ನಲ್ಲಿ 45 ಕೆ.ಜಿ. ನೀರು. 180 ಡಿಗ್ರಿಯಲ್ಲಿ ಅದು ಆವಿಯಾದರೆ 93 ಘನ ಮೀಟರ್. ಅಷ್ಟೂ ಆವಿ ದ್ರವದ ಆಳದಿಂದ ಗುಳ್ಳೆಯಾಗಿ ಎದ್ದು, ಕೊಳವೆ ದಾಟಿ, ಕಂಡೆನ್ಸರ್ ತಲುಪಬೇಕು. ನಿಮ್ಮ 3 ಕೆ.ಜಿ. ಟ್ರಯಲ್ ಸಿಕ್ಕಿಹಾಕಿಕೊಂಡದ್ದು ಅರ್ಧ ಇಲ್ಲೇ. ಬಿಸಿ ಕೊಡುವ ದಾರಿ ಯಾವುದಾದರೂ ಇರಲಿ, ನೀರು ಹೋಗುವ ದಾರಿ ನೋಡಿಕೊಳ್ಳಬೇಕು.

ಇನ್ನರ್ಧ ಕಾರಣ ಮೈಕ್ರೋವೇವ್‌ನದೇ. ನೀರು, ಆಲ್ಕೊಹಾಲ್ ಥರದ ಧ್ರುವ ಅಣುಗಳು (ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುತ್ ಇರುವವು) ಅದನ್ನು ಹೀರುತ್ತವೆ. ಎಣ್ಣೆ, ಎಸ್ಟರ್ ಹೀರುವುದು ಬಹಳ ಕಡಿಮೆ. ಶುರುವಿನಲ್ಲಿ ಆಲ್ಕೊಹಾಲ್ ಜಾಸ್ತಿ ಇತ್ತು, ಬಿಸಿ ಸಲೀಸಾಗಿ ಏರಿತು. ಆಲ್ಕೊಹಾಲ್ ಖರ್ಚಾಗಿ ಎಸ್ಟರ್ ತುಂಬಿದ ಹಾಗೆ ಹೀರುವವರೇ ಇಲ್ಲ. ಅರ್ಧ ದಾರಿಯಲ್ಲಿ ತಡವರಿಸಿತು ಅಂದಿರಲ್ಲ, ಅದು ಇದೇ. ಹೀರದೆ ಉಳಿದದ್ದು ವಾಪಸ್ ಮ್ಯಾಗ್ನೆಟ್ರಾನ್ ಕಡೆಗೇ ತಿರುಗುತ್ತದೆ. ಒಳ್ಳೆ ಮಷಿನ್‌ನಲ್ಲಿ ಅದನ್ನು ನೀರಿನ ಲೋಡ್‌ಗೆ ತಿರುಗಿಸುವ ಸರ್ಕ್ಯುಲೇಟರ್ ಇರುತ್ತದೆ. ಮಷಿನ್ ಉಳಿಯುತ್ತದೆ, ಕರೆಂಟ್ ಮಾತ್ರ ಕೂಲಿಂಗ್ ಟವರ್ ಬಿಸಿ ಮಾಡಲು ಹೋಗುತ್ತದೆ.

ಈಗ ನಿಮ್ಮ ಹಳೇ ರಿಯಾಕ್ಟರ್ ಕಡೆ ನೋಡಿ. 2 ಕಿಲೋಲೀಟರ್ ಪಾತ್ರೆಗೆ ಸುಮಾರು 7 ಚದರ ಮೀಟರ್ ಜಾಕೆಟ್, ಅಂದರೆ ಬಿಸಿ ಎಣ್ಣೆ ಓಡುವ ಹೊರಕವಚ, ಇರುತ್ತದೆ. ಥರ್ಮಿಕ್ ಆಯಿಲ್ 240 ಡಿಗ್ರಿಯಲ್ಲಿ ಓಡಿಸಿದರೆ ಒಳಗಿನ 180ಕ್ಕೆ ಅದು 80ರಿಂದ 100 ಕಿಲೋವ್ಯಾಟ್ ಬಿಸಿ ಕೊಡುತ್ತದೆ. ಅಂದರೆ ದೊಡ್ಡ ಮ್ಯಾಗ್ನೆಟ್ರಾನ್ ಒಂದರಷ್ಟೇ ಬಿಸಿ ನಿಮ್ಮಲ್ಲಿ ಆಗಲೇ ಇದೆ. ದ್ರವ ತೆಳು, ಸ್ಟಿರರ್ ಇದೆ, ಬಿಸಿ ಗೋಡೆಯಿಂದ ಒಳಗೆ ಹೋಗಲು ತೊಂದರೆಯೇ ಇಲ್ಲ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ, ಮಾಲೀಕರಿಗೆ ತೋರಿಸಲು ಬೇಕಾಗುತ್ತದೆ. ಒಂದು ಟನ್‌ ಅನ್ನು 60ರಿಂದ 200 ಡಿಗ್ರಿಗೆ ತರಲು ಸುಮಾರು 90 ಯೂನಿಟ್ ಶಕ್ತಿ. 45 ಕೆ.ಜಿ. ನೀರು ಆವಿ ಮಾಡಲು 28. ಒಟ್ಟು 118 ಯೂನಿಟ್. ಪ್ಲಗ್‌ನಿಂದ ಎಳೆದ ಕರೆಂಟಿನಲ್ಲಿ 60% ಮಾಲಿಗೆ ತಲುಪಿದರೂ ಸುಮಾರು 200 ಯೂನಿಟ್ ಬೇಕು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 1,600 ರೂಪಾಯಿ. ಅದೇ ಬಿಸಿ ಬ್ರಿಕ್ವೆಟ್ (ಒತ್ತಿ ಮಾಡಿದ ಸೌದೆ) ಹೀಟರ್‌ನಿಂದ ಬಂದರೆ 50 ಕೆ.ಜಿ. ಬ್ರಿಕ್ವೆಟ್ ಸಾಕು. ಕೆ.ಜಿ.ಗೆ 8 ರೂಪಾಯಿ ಅಂದರೂ 400. ಮಷಿನ್ ಬೆಲೆ ಇದರಲ್ಲಿ ಸೇರಿಸಿಲ್ಲ.

ಹಾಗಾದರೆ ಟಾಲುಯೀನ್ ಬಿಡುವುದು ಹೇಗೆ? ಉತ್ತರ ನಿಮ್ಮ ಗೋಡೌನ್‌ನಲ್ಲೇ ಇದೆ. 2-ಇಥೈಲ್‌ಹೆಕ್ಸನಾಲ್ ನೀರಿನ ಜೊತೆ 99 ಡಿಗ್ರಿ ಹತ್ತಿರ ಜೋಡಿಯಾಗಿ ಕುದಿಯುತ್ತದೆ. ಅದಕ್ಕೆ ನೀರಿನಲ್ಲಿ ಬೆರೆಯುವ ಗುಣ ಇಲ್ಲವೇ ಇಲ್ಲ ಅನ್ನಬಹುದು, ನೀರಿಗಿಂತ ಹಗುರ ಬೇರೆ. ಹಾಗಾಗಿ ನಿಮ್ಮ ಅದೇ ಡಿಕ್ಯಾಂಟರ್‌ನಲ್ಲಿ ಮೇಲೆ ನಿಲ್ಲುತ್ತದೆ. ಟಾಲುಯೀನ್ ಮಾಡುವ ಕೆಲಸವನ್ನು ನಿಮ್ಮ ಕಚ್ಚಾಮಾಲೇ ಮಾಡುತ್ತದೆ. ಪ್ಲಾಸ್ಟಿಸೈಜರ್ ಮಾಡುವವರು ಇದೇ ಆಲ್ಕೊಹಾಲ್‌ನಲ್ಲಿ ದಶಕಗಳಿಂದ ಹೀಗೇ ಮಾಡುತ್ತಾ ಬಂದಿದ್ದಾರೆ. ಕೊನೆಯಲ್ಲಿ ಉಳಿದ ಆಲ್ಕೊಹಾಲ್ ವ್ಯಾಕ್ಯೂಮ್‌ನಲ್ಲಿ ತೆಗೆದು ಮುಂದಿನ ಬ್ಯಾಚ್‌ಗೆ ಹಾಕಿಕೊಳ್ಳಿ. ಅದರ ಫ್ಲಾಶ್ ಪಾಯಿಂಟ್ 70 ಡಿಗ್ರಿಗಿಂತ ಮೇಲೆ. ಬಿಸಿ ಇದ್ದಾಗ ಅದಕ್ಕೂ ಎಚ್ಚರ ಬೇಕು, ಆದರೆ ತಣ್ಣಗೆ ನೆಲಕ್ಕೆ ಚೆಲ್ಲಿದರೆ ಟಾಲುಯೀನ್ ಥರ ಕಾದು ಕೂತಿರುವುದಿಲ್ಲ.

ಪಿಟಿಎಸ್‌ಎ ಮಾತ್ರ ಬಿಡಬೇಕು. 180ರಲ್ಲಿ ಅದು ಬಣ್ಣ ಕೆಡಿಸುತ್ತದೆ. ನಿಮ್ಮ ಚಹಾ ಬಣ್ಣ ಬಂದದ್ದು ಅದರಿಂದಲೇ ಇರಬೇಕು. ಸ್ಟ್ಯಾನಸ್ ಆಕ್ಸಲೇಟ್ ನೋಡಿ. ಅದು 180ರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೊನೆಗೆ ಫಿಲ್ಟರ್ ಮಾಡಿ ತೆಗೆಯಬಹುದು. ದ್ರವದ ತಳದಲ್ಲಿ ನೈಟ್ರೋಜನ್ ಗುಳ್ಳೆ ಬಿಡಿ. ಗಾಳಿ ದೂರ ಇರುತ್ತದೆ, ನೀರೂ ಬೇಗ ಹೊರಗೆ ಬರುತ್ತದೆ.

ನನ್ನ ಮಾತು ನಂಬಬೇಡಿ, ಒಂದು ಟ್ರಯಲ್ ಮಾಡಿ ನೋಡಿ. ಅದೇ 40 ಗ್ರಾಂ, ಅದೇ ಪಿಟಿಎಸ್‌ಎ, ಅದೇ 180 ಡಿಗ್ರಿ. ಮೈಕ್ರೋವೇವ್ ಬದಲು ಆಯಿಲ್ ಬಾತ್. ಎಷ್ಟು ಹೊತ್ತು ಹಿಡಿಯಿತು ಅಂತ ಇಲ್ಲಿ ಬರೆಯಿರಿ.

ಪ್ರೊಫೈಲ್_ಲೈನ್:

ಕೆಮಿಕಲ್‌ನವನಲ್ಲ ನಾನು. ಆದರೆ ಮೈಕ್ರೋವೇವ್ ಜೊತೆ ದಿನಾ ಇರುವವನು. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಮಾಡುವ ಲೈನ್‌ನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಎಕ್ಸ್‌ಟ್ರೂಡರ್‌ನಿಂದ ಬಂದ ಹಸಿ ರಬ್ಬರ್ ಮೈಕ್ರೋವೇವ್ ಸುರಂಗದ ಒಳಗೆ ಹೋಗಿ, ಅಲ್ಲಿಂದ ಬಿಸಿಗಾಳಿ ಸುರಂಗಕ್ಕೆ ಹೋಗಿ ಬೇಯುತ್ತದೆ. ಇದರಲ್ಲೂ ಸಾಲ್ವೆಂಟ್ ಇಲ್ಲ. ಮೈಕ್ರೋವೇವ್ ಉದ್ಯಮದಲ್ಲಿ ಗಟ್ಟಿಯಾಗಿ ನೆಲೆ ನಿಂತ ಜಾಗಗಳಲ್ಲಿ ಇದೂ ಒಂದು.

ಇಲ್ಲಿ ಯಾಕೆ ನಡೆಯುತ್ತದೆ ಅಂದರೆ ರಬ್ಬರ್‌ಗೆ ಹೊರಗಿನಿಂದ ಬಿಸಿ ಒಳಗೆ ಹೋಗುವುದು ಬಹಳ ನಿಧಾನ. ದಪ್ಪ ಇದ್ದರೆ ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ಅದಕ್ಕೆ ಸ್ಟಿರರ್ ಹಾಕಲು ಆಗುವುದಿಲ್ಲವಲ್ಲ. ಜಾಕೆಟ್_ರಿಯಾಕ್ಟರ್ ಸರ್ ಹೇಳಿದ ಮಾತಿಗೆ ನಮ್ಮಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ ಇದೆ. ಇಪಿಡಿಎಂ ರಬ್ಬರ್ ತಾನಾಗಿ ಮೈಕ್ರೋವೇವ್ ಹೀರುವುದಿಲ್ಲ. ಅದರೊಳಗೆ ಇರುವ ಕಾರ್ಬನ್ ಬ್ಲ್ಯಾಕ್ ಹೀರುತ್ತದೆ. ಒಮ್ಮೆ ಬಿಳಿ ಪ್ರೊಫೈಲ್ ಆರ್ಡರ್ ಬಂತು. ಅದೇ ಸುರಂಗ, ಅದೇ ಪವರ್. ಆ ಕಡೆ ಬಂದ ತುಂಡನ್ನು ಬೆರಳಲ್ಲಿ ಒತ್ತಿದರೆ ಗುಂಡಿ ಬಿತ್ತು, ಹಸಿ ಹಿಟ್ಟಿನ ಹಾಗೆ. ಮಾಲು ಹೀರುತ್ತದಾ ಇಲ್ಲವಾ, ಮೊದಲು ಅದನ್ನು ನೋಡಬೇಕು.

ಇಷ್ಟೆಲ್ಲ ಕೇಳಿದ ಮೇಲೂ ಮಷಿನ್ ತರುವುದಾದರೆ ಕೆಲವು ಮಾತು. 2450 ಮೆಗಾಹರ್ಟ್ಸ್ ಎಲ್ಲ ದೇಶದಲ್ಲೂ ಉದ್ಯಮಕ್ಕೆ ಬಿಟ್ಟುಕೊಟ್ಟ ತರಂಗ, ಮನೆಯ ಓವನ್‌ನದೂ ಅದೇ. ಅದರ ಅಲೆಯ ಉದ್ದ 12 ಸೆಂ.ಮೀ. 915ರದು 33 ಸೆಂ.ಮೀ., ಹಾಗಾಗಿ ಅದು ಮಾಲಿನಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಆದರೆ 915 ಅಮೆರಿಕ ಖಂಡಗಳಿಗೆ ಗೊತ್ತುಮಾಡಿದ್ದು. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲ್ ಓಡುತ್ತದೆ. ಅನುಮತಿ ವಿಚಾರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ, ಮಷಿನ್ ಬಂದು ಇಳಿದ ಮೇಲೆ ಅಲ್ಲ.

ಇನ್ನೊಂದು, ಟಾಲುಯೀನ್ ಇರುವ ಜಾಗಕ್ಕೆ ಮೈಕ್ರೋವೇವ್ ತರಲೇಬೇಡಿ. ಅಲೆ ಸಾಗಿಸುವ ಲೋಹದ ಕೊಳವೆಯಾದ ವೇವ್‌ಗೈಡ್‌ನಲ್ಲಿ ಕೊಳೆ ಕೂತರೆ, ಒಂದು ಬೋಲ್ಟ್ ಸಡಿಲವಾದರೆ, ಒಳಗೆ ಕಿಡಿ ಹಾರುತ್ತದೆ. ನಮ್ಮ ಕ್ವಾರ್ಟ್ಜ್ ಕಿಟಕಿ ಮೇಲೆ ಒಮ್ಮೆ ಮಸಿ ಕೂತು, ಆ ಮಸಿಯೇ ಹೀರಿ ಕೆಂಪಗಾಗಿ, ಟಪ್ ಅಂತ ಸೀಳಿತು. ರಬ್ಬರ್ ಆದ್ದರಿಂದ ಬರೀ ಹೊಗೆ ಬಂತು. ನಿಮ್ಮ ಟಾಲುಯೀನ್ ಆವಿ ಅಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಹೇಳಬೇಕಿಲ್ಲ. ಸೋರಿಕೆ ಮೀಟರ್ ಪಾಳಿಗೆ ಒಮ್ಮೆ ಹಿಡಿಯಬೇಕು. ಮನೆಯ ಓವನ್‌ಗೆ ಇರುವ ಮಿತಿ 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್. ನಾವು ಅದರ ಹತ್ತನೇ ಒಂದು ಭಾಗ ಕಂಡರೂ ಲೈನ್ ನಿಲ್ಲಿಸಿ ಬಾಗಿಲು ನೋಡುತ್ತೇವೆ.

ಸಕ್ಕರೆ_ಎಸ್ಟರ್:

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಮೈಕ್ರೋವೇವ್ ಪರವಾಗಿ ಒಬ್ಬಳಾದರೂ ಮಾತಾಡಬೇಕು ಅಂತ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಆಹಾರ ಎಮಲ್ಸಿಫೈಯರ್‌ಗಳ (ಎಣ್ಣೆ, ನೀರು ಬೆರೆಯುವಂತೆ ಮಾಡುವ ವಸ್ತು) ಮೇಲೆ ಕೆಲಸ ಮಾಡಿದವಳು.

ಮೊದಲು, ಮೈಕ್ರೋವೇವ್‌ನಲ್ಲಿ ಏನೋ "ಮ್ಯಾಜಿಕ್" ಇದೆ ಅನ್ನುವ ವಿಷಯ. 1986ರಲ್ಲಿ ಎರಡು ಗುಂಪುಗಳು ಮನೆಯ ಓವನ್‌ನಲ್ಲಿ ರಾಸಾಯನಿಕ ಕ್ರಿಯೆ ಮಾಡಿ ಪ್ರಕಟಿಸಿದ ಮೇಲೆ ಇದರ ಗಾಳಿ ಎದ್ದಿತು. ಮೈಕ್ರೋವೇವ್‌ಗೆ ಬಿಸಿ ಬಿಟ್ಟು ಬೇರೆ ಏನೋ ಶಕ್ತಿ ಇದೆ ಅಂತ ಆಮೇಲೆ ಬಹಳ ಜನ ಬರೆದರು. ಆಸ್ಟ್ರಿಯಾದ ಗ್ರಾಜ್‌ನ ಆಲಿವರ್ ಕಾಪ್ಪೆ ಅವರ ಗುಂಪು ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿತು. ಅವರು ಸಿಲಿಕಾನ್ ಕಾರ್ಬೈಡ್ ಕುಪ್ಪಿ ತೆಗೆದುಕೊಂಡರು. ಆ ಕುಪ್ಪಿ ತಾನೇ ಮೈಕ್ರೋವೇವ್ ಹೀರಿ ಬಿಸಿಯಾಗುತ್ತದೆ, ಒಳಗಿನ ಮಾಲಿಗೆ ಅಲೆ ಬಹುಮಟ್ಟಿಗೆ ತಾಗುವುದೇ ಇಲ್ಲ. ಆದರೂ ಒಂದೇ ಉಷ್ಣತೆಯಲ್ಲಿ ಗಾಜಿನ ಕುಪ್ಪಿಯಷ್ಟೇ ಫಲಿತಾಂಶ ಬಂತು. ಅಂದರೆ ಕೆಲಸ ಮಾಡಿದ್ದು ಬಿಸಿಯೇ. 2450 ಮೆಗಾಹರ್ಟ್ಸ್‌ನ ಒಂದು ಫೋಟಾನ್‌ನಲ್ಲಿ ಇರುವುದು 0.00001 ಎಲೆಕ್ಟ್ರಾನ್ ವೋಲ್ಟ್. ಅದು ಯಾವ ಬಂಧವನ್ನೂ ಮುರಿಯುವುದಿಲ್ಲ. ಆದ್ದರಿಂದ ಉಷ್ಣತೆಯನ್ನು ಎಲ್ಲಿ, ಹೇಗೆ ಅಳೆದಿರಿ ಅನ್ನುವುದೇ ಮುಖ್ಯ. ಹೊರಗೋಡೆಯನ್ನು ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಒಳಗಿನದು ಬೇರೆಯೇ ಇರಬಹುದು. ಫೈಬರ್ ಆಪ್ಟಿಕ್ ಪ್ರೋಬ್ ಒಳಗೆ ಮುಳುಗಿಸಬೇಕು.

ಹಾಗಂತ ಜಪಾನಿನವರು ಸುಮ್ನೆ ಹಣ ಹಾಕಿಲ್ಲ. ನಿಮ್ಮ ಮಾಲೀಕರು ನೋಡಿದ್ದು ಒಸಾಕಾದ ಮೈಕ್ರೋವೇವ್ ಕೆಮಿಕಲ್ ಕಂಪನಿ ಇರಬೇಕು. 2007ರಲ್ಲಿ ಶುರುವಾದದ್ದು. 2014ರಲ್ಲಿ ಒಸಾಕಾದಲ್ಲಿ ಕೊಬ್ಬಿನಾಮ್ಲದ ಎಸ್ಟರ್ ಮಾಡುವ ದೊಡ್ಡ ಪ್ಲಾಂಟ್ ಕಟ್ಟಿದರು. ಆಮೇಲೆ ತೈಯೋ ಕಾಗಾಕು ಕಂಪನಿ ಜೊತೆ ಸೇರಿ ಯೊಕ್ಕೈಚಿಯಲ್ಲಿ ಸಕ್ಕರೆ ಎಸ್ಟರ್‌ಗೆ (ಸಕ್ಕರೆ, ಕೊಬ್ಬಿನಾಮ್ಲ ಜೋಡಿಸಿದ ಎಮಲ್ಸಿಫೈಯರ್) ಕೈ ಹಾಕಿದರು. ನನ್ನ ಆಸಕ್ತಿ ಇರುವುದು ಈ ಎರಡನೆಯದರಲ್ಲಿ.

ಸಕ್ಕರೆ ಎಸ್ಟರ್ ಯಾಕೆ ಕಷ್ಟ ಅಂತ ಅಡುಗೆಮನೆಯಲ್ಲೇ ನೋಡಬಹುದು. ಬಾಣಲೆಯಲ್ಲಿ ತುಪ್ಪ ಕಾಯಿಸಿ ಸಕ್ಕರೆ ಹಾಕಿ. ಸಕ್ಕರೆ ಹರಳು ತಳದಲ್ಲಿ ಹಾಗೇ ಕೂತಿರುತ್ತದೆ, ತುಪ್ಪ ಮೇಲೆ ತೇಲುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ಇನ್ನೂ ಬಿಸಿ ಮಾಡಿದರೆ ಸಕ್ಕರೆ ಕರಗುವ ಹೊತ್ತಿಗೆ ಕಂದಾಗಿ ಕಾಕಂಬಿ ವಾಸನೆ ಬರುತ್ತದೆ. ಇವೆರಡನ್ನೂ ಸೇರಿಸಲು 1950ರ ದಶಕದಿಂದ ಡಿಎಂಎಫ್ ಥರದ ಸಾಲ್ವೆಂಟ್ ಬಳಸುತ್ತಾ ಬಂದರು. ಅದನ್ನು ಆಮೇಲೆ ಪೂರ್ತಿ ತೆಗೆಯುವುದೇ ದೊಡ್ಡ ಕೆಲಸ, ಯಾಕೆಂದರೆ ಇದು ಐಸ್‌ಕ್ರೀಮ್‌ಗೆ, ಬ್ರೆಡ್‌ಗೆ ಹೋಗುವ ಮಾಲು. ಇಂಥ ಕಡೆ ಜಾಕೆಟ್ ಗೋಡೆ ಬಿಸಿ ಮಾಡಿದರೆ ಗೋಡೆಗೆ ತಾಗಿದ ಸಕ್ಕರೆ ಮೊದಲು ಸುಡುತ್ತದೆ. ಗೋಡೆ ತಣ್ಣಗಿದ್ದು ಮಾಲು ಮಾತ್ರ ಬಿಸಿಯಾಗಬೇಕು. ಮೈಕ್ರೋವೇವ್‌ಗೆ ಅರ್ಥ ಬರುವುದು ಅಲ್ಲಿ.

ಇದೂ ಸುಲಭ ಅಲ್ಲ. ಗಟ್ಟಿ ಸಕ್ಕರೆ ಅಷ್ಟಾಗಿ ಹೀರುವುದಿಲ್ಲ, ಕರಗಿದ ಸಕ್ಕರೆ ಜಾಸ್ತಿ ಹೀರುತ್ತದೆ. ಒಂದು ಕಡೆ ಕರಗಿದರೆ ಅಲ್ಲೇ ಇನ್ನೂ ಹೀರಿ, ಇನ್ನೂ ಬಿಸಿಯಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಪ್ಪಾಗುತ್ತದೆ. ನಾನು ಒಂದು ಇಡೀ ಮಳೆಗಾಲ ಅಂಥ ಕಪ್ಪು ಚುಕ್ಕೆಗಳನ್ನೇ ಎಣಿಸಿದ್ದೇನೆ. ಅದನ್ನು ಪ್ಲಾಂಟ್ ಮಟ್ಟಕ್ಕೆ ತಂದವರ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ನಿಮ್ಮ ಪಾಮಿಟೇಟ್‌ಗೆ ಆ ಕಷ್ಟ ಯಾವುದೂ ಇಲ್ಲ. ಆಸಿಡ್ ಕರಗಿದ ಮೇಲೆ ಎರಡೂ ದ್ರವ, ಎರಡೂ ಬೆರೆಯುತ್ತವೆ, ಸುಡುವ ಭಯವೂ ಕಡಿಮೆ.

ಕಪಿಲಾತೀರ:

ಮೂವರಿಗೂ ಕೈಮುಗಿಯುತ್ತೇನೆ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಟ್ರಯಲ್ ಮುಗಿಸಿಯೇ ಬರೆಯೋಣ ಅಂತ ಕಾದೆ.

ಜಾಕೆಟ್_ರಿಯಾಕ್ಟರ್ ಸರ್, ನೀವು ಹೇಳಿದ ಹಾಗೇ 40 ಗ್ರಾಂ ಆಯಿಲ್ ಬಾತ್‌ನಲ್ಲಿ ಮಾಡಿದೆ. 180 ಡಿಗ್ರಿ, ಅದೇ ಪಿಟಿಎಸ್‌ಎ. ಬಿಸಿ ಏರಲು 6 ನಿಮಿಷ ಜಾಸ್ತಿ ಹಿಡಿಯಿತು. ಅದು ಬಿಟ್ಟರೆ ವ್ಯತ್ಯಾಸ ಇಲ್ಲ. 25 ನಿಮಿಷಕ್ಕೆ ಆಸಿಡ್ ವ್ಯಾಲ್ಯೂ 5.1. ಎರಡು ಸಲ ಟೈಟ್ರೇಷನ್ (ಆಸಿಡ್ ಅಳೆಯುವ ಪರೀಕ್ಷೆ) ಮಾಡಿಸಿದೆ, ನಂಬಿಕೆ ಬರಲಿಲ್ಲ. ಆಮೇಲೆ ಒಬ್ಬನೇ ಲ್ಯಾಬ್‌ನಲ್ಲಿ ಸ್ವಲ್ಪ ಹೊತ್ತು ಕೂತೆ. ಇಷ್ಟು ವರ್ಷ ಆ ಟಾಲುಯೀನ್ ಡ್ರಮ್‌ಗಳನ್ನು ಯಾಕೆ ಉರುಳಿಸುತ್ತಾ ಬಂದೆವು? ಹಳೇ ಬ್ಯಾಚ್ ಶೀಟ್‌ನಲ್ಲಿ ಹಾಗೆ ಬರೆದಿತ್ತು, ಅಷ್ಟೇ. ನಾನು ಬಂದಾಗಲೇ ಇದ್ದ ಶೀಟ್ ಅದು. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ ಅನ್ನುವುದು ಮನಸ್ಸಿಗೆ ಚುಚ್ಚಿತು.

ಆಮೇಲೆ 2 ಲೀಟರ್ ಫ್ಲಾಸ್ಕ್‌ನಲ್ಲಿ ಸ್ಟ್ಯಾನಸ್ ಆಕ್ಸಲೇಟ್ ಹಾಕಿ ನೈಟ್ರೋಜನ್ ಬಿಟ್ಟು ಮಾಡಿದೆ. ನಿಧಾನವಾಗಿ 200ರವರೆಗೆ ಏರಿಸಿದೆ. ಡೀನ್-ಸ್ಟಾರ್ಕ್ ಕೊಳವೆಯಲ್ಲಿ ನೀರು ಕೆಳಗೆ, ಆಲ್ಕೊಹಾಲ್ ಮೇಲೆ, ನಡುವೆ ಗೆರೆ ಕತ್ತರಿಸಿದ ಹಾಗೆ. ನಾಲ್ಕೂವರೆ ಗಂಟೆಗೆ ಆಸಿಡ್ ವ್ಯಾಲ್ಯೂ 1ರ ಕೆಳಗೆ. ಮೊದಲನೇ ಸಲ ಬಣ್ಣ ಹಳದಿ ಬಂತು. ನೋಡಿದರೆ ನೈಟ್ರೋಜನ್ ಟ್ಯೂಬ್ ದ್ರವದ ಮೇಲೆ ನಿಂತಿತ್ತು, ಒಳಗೆ ಮುಳುಗಿರಲಿಲ್ಲ. ಎರಡನೇ ಸಲ ತಳಕ್ಕೆ ಇಳಿಸಿದೆ. ಬಾಟಲಿಯಲ್ಲಿ ತುಂಬಿ ಹಳೇ ಟಾಲುಯೀನ್ ಬ್ಯಾಚ್‌ನ ಪಕ್ಕ ಇಟ್ಟು, ಹಿಂದೆ ಬಿಳಿ ಹಾಳೆ ಹಿಡಿದು, ಕ್ಯೂಸಿ ಮೇಡಂಗೆ ತೋರಿಸಿದೆ. ಯಾವುದು ಯಾವುದು ಅಂತ ಅವರಿಗೆ ಹೇಳಲು ಆಗಲಿಲ್ಲ. ಮುಚ್ಚಳ ತೆಗೆದು ಮೂಸಿದಾಗ ತಕ್ಷಣ ಹೇಳಿದರು. ಹೊಸದಕ್ಕೆ ಆ ವಾಸನೆ ಇಲ್ಲವಲ್ಲ.

ಮಾಲೀಕರ ಮುಂದೆ ಎಲ್ಲ ಲೆಕ್ಕ ಇಟ್ಟೆ. ಮೈಕ್ರೋವೇವ್ ಕೈಬಿಡಲು ಅವರಿಗೆ ಸ್ವಲ್ಪ ಬೇಸರವೇ ಆಯಿತು. 7,500 ಕಿಲೋವ್ಯಾಟ್ ಲೆಕ್ಕ ನೋಡಿ ಸುಮ್ಮನಾದರು. ಆ ಹಣದಲ್ಲಿ ನೈಟ್ರೋಜನ್ ಲೈನ್, ಹೊಸ ಗ್ಯಾಸ್ಕೆಟ್‌ಗಳು, ಸ್ಟಿರರ್‌ಗೆ ಡಬಲ್ ಮೆಕ್ಯಾನಿಕಲ್ ಸೀಲ್ ಹಾಕಿಸೋಣ ಅಂದಿದ್ದಾರೆ. ಸಕ್ಕರೆ_ಎಸ್ಟರ್ ಮೇಡಂ, ನಿಮ್ಮ ಮಾತು ಓದಿ ಹೇಳಿದೆ. ಮುಂದೆ ಅಂಥ ಮಾಲು ಕೈಗೆ ಬಂದರೆ ಆಗ ಮೈಕ್ರೋವೇವ್ ಯೋಚಿಸೋಣ, ಅವರನ್ನೇ ಕೇಳೋಣ ಅಂದರು.

ಹೀಟರ್ ಕಂಪನಿಯವರು ಬಂದು ಆಯಿಲ್ 250ರವರೆಗೆ ಓಡಿಸಬಹುದು ಅಂತ ನೋಡಿ ಹೋದರು. ಮುಂದಿನ ವಾರ ಮೊದಲ ಪ್ಲಾಂಟ್ ಟ್ರಯಲ್. ಅರ್ಧ ಬ್ಯಾಚ್, 500 ಕೆ.ಜಿ. ಏನು ನೋಡಿಕೊಳ್ಳಬೇಕು ಸರ್?

ಜಾಕೆಟ್_ರಿಯಾಕ್ಟರ್:

ಬಹಳ ಸಂತೋಷ ಆಯಿತು. ಟೈಟ್ರೇಷನ್ ಎರಡು ಸಲ ಮಾಡಿಸಿದ್ದು ಒಳ್ಳೆಯದು.

ಮೂರು ವಿಷಯ. 140ರಿಂದ 170 ಡಿಗ್ರಿವರೆಗೆ ಅವಸರ ಬೇಡ. ನೀರು ಜೋರಾಗಿ ಬರುವುದು ಅಲ್ಲೇ. ಆಯಿಲ್ ಪೂರ್ತಿ ತೆರೆದರೆ ನೊರೆ ಎದ್ದು ಕಂಡೆನ್ಸರ್‌ಗೆ ನುಗ್ಗುತ್ತದೆ. ಡಿಕ್ಯಾಂಟರ್‌ಗೆ ಬೀಳುವ ಧಾರೆ ನೋಡಿಕೊಂಡು ಬಿಸಿ ಏರಿಸಿ, ಥರ್ಮಾಮೀಟರ್ ನೋಡಿಕೊಂಡು ಅಲ್ಲ.

ಎರಡನೆಯದು ಯಾರೂ ಮೊದಲೇ ಹೇಳದ ವಿಷಯ, ನಾನು ಪೆಟ್ಟು ತಿಂದು ಕಲಿತದ್ದು. ಪಾಮಿಟಿಕ್ ಆಸಿಡ್ 63 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ಟಾಲುಯೀನ್ ಇದ್ದಾಗ ಆಸಿಡ್ ಮೇಲೆ ಹೋಗುತ್ತಿರಲಿಲ್ಲ, ಹೋದರೂ ಟಾಲುಯೀನ್ ತೊಳೆದುಬಿಡುತ್ತಿತ್ತು. ಈಗ 200 ಡಿಗ್ರಿಯಲ್ಲಿ ನೈಟ್ರೋಜನ್ ಜೊತೆ ಸ್ವಲ್ಪ ಸ್ವಲ್ಪ ಮೇಲೇರುತ್ತದೆ. ಚಿಲ್ಡ್ ವಾಟರ್ ಬಿಟ್ಟ ಕಂಡೆನ್ಸರ್‌ನಲ್ಲಿ ಮೇಣದ ಹಾಗೆ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಆಮೇಲೆ ರಿಯಾಕ್ಟರ್‌ನಲ್ಲಿ ಒತ್ತಡ ಏರುತ್ತದೆ. ಕಂಡೆನ್ಸರ್‌ಗಿಂತ ಮೊದಲು ಒಂದು ಸಣ್ಣ ಪ್ಯಾಕ್ಡ್ ಕಾಲಂ (ಒಳಗೆ ಸಣ್ಣ ತುಂಡುಗಳನ್ನು ತುಂಬಿದ ನಿಲುವು ಕೊಳವೆ) ಇದ್ದರೆ ಆಸಿಡ್ ಅಲ್ಲೇ ತಡೆದು ವಾಪಸ್ ಇಳಿಯುತ್ತದೆ. ಅದು ಇಲ್ಲದಿದ್ದರೆ ಕಂಡೆನ್ಸರ್‌ಗೆ ತಣ್ಣೀರು ಬಿಡಬೇಡಿ, 70 ಡಿಗ್ರಿ ನೀರು ಬಿಡಿ. ಅದರ ಹಿಂದೆ ಇನ್ನೊಂದು ತಣ್ಣನೆ ಕಂಡೆನ್ಸರ್ ಇಡಿ. ಆವಿ, ಗ್ಯಾಸ್ ಹೊರಗೆ ಹೋಗುವ ವೆಂಟ್ ಕೊಳವೆ ಮುಟ್ಟಿ ನೋಡಲು ಒಬ್ಬನನ್ನು ಅದಕ್ಕೆಂದೇ ನಿಲ್ಲಿಸಿ. ಬೆಚ್ಚಗಿದ್ದದ್ದು ತಣ್ಣಗಾದರೆ ಅದು ಕಟ್ಟುತ್ತಿದೆ ಅಂತ ಅರ್ಥ. ತಕ್ಷಣ ಆಯಿಲ್ ಮುಚ್ಚಿಸಿ.

ಮೂರನೆಯದು, ರಿಯಾಕ್ಟರ್‌ನಲ್ಲಿ, ಡಿಕ್ಯಾಂಟರ್‌ನಲ್ಲಿ, ಕೊಳವೆಗಳ ಮೂಲೆಯಲ್ಲಿ ಹಳೇ ಟಾಲುಯೀನ್ ಒಂದು ಹನಿಯೂ ಉಳಿಯಬಾರದು. ಟ್ರಯಲ್‌ನ ಹಿಂದಿನ ದಿನ ಸ್ಟೀಮ್ ಬಿಟ್ಟು, ನೈಟ್ರೋಜನ್ ಊದಿ, ಮೀಟರ್ ಹಿಡಿದು ನೋಡಿ. ಟ್ರಯಲ್ ಹಗಲು ಪಾಳಿಯಲ್ಲೇ ಹಾಕಿ. ಆ ಸೈಟ್ ಗ್ಲಾಸ್ ಹುಡುಗ ಇನ್ನೂ ನಿಮ್ಮಲ್ಲೇ ಇದ್ದರೆ ಅವನನ್ನೂ ಕರೆಯಿರಿ. ನೀರಿನ ಗೆರೆ ಓದುವುದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕಪಿಲಾತೀರ:

ಇದ್ದಾನೆ ಸರ್. ಮಂಗಳವಾರ ಬೆಳಿಗ್ಗೆ 7ಕ್ಕೆ ಚಾರ್ಜಿಂಗ್. ಪ್ಯಾಕ್ಡ್ ಕಾಲಂ ಸದ್ಯಕ್ಕೆ ಇಲ್ಲ, ಹಾಗಾಗಿ ಎರಡು ಕಂಡೆನ್ಸರ್ ಜೋಡಿಸುತ್ತಿದ್ದೇವೆ. ವೆಂಟ್ ಕೊಳವೆ ಹತ್ತಿರ ನಾನೇ ನಿಲ್ಲುತ್ತೇನೆ.